ಒರಗಲು ಒಂದು ಕಂಬ

ಮೇ 18, ಭಾನುವಾರ

ಒಲೆಯ ಕಲ್ಲು ಕಾಯಲು ಇನ್ನೂ ಸ್ವಲ್ಪ ಹೊತ್ತಿದೆ. ಹೊಗೆಯಿಂದ ದೂರ ಕೂತು ಬರೆಯುತ್ತಿದ್ದೇನೆ. ಹುಡುಗರು ತೆಂಗಿನಕಾಯಿ ತುರಿಯುತ್ತ ನಿನ್ನೆಯ ರಗ್ಬಿ ಪಂದ್ಯವನ್ನು ಬಾಯಲ್ಲೇ ಮತ್ತೊಮ್ಮೆ ಆಡುತ್ತಿದ್ದಾರೆ. ಈ ಸಲ ನಮ್ಮೂರು ಗೆದ್ದಿದೆ.

ಎಂದಿನ ಭಾನುವಾರ. ಚರ್ಚಿನ ಗಂಟೆಗೆ ಮೊದಲು ಕಾದ ಕಲ್ಲಿನ ಮೇಲೆ ಅಡುಗೆ ಇಟ್ಟು ಎಲೆಯಿಂದ ಒಲೆ ಮುಚ್ಚಬೇಕು. ಕೆಸುವಿನ ಗೆಡ್ಡೆ, ಜೀಗುಜ್ಜೆ, ಎಲೆಯಲ್ಲಿ ಕಟ್ಟಿದ ತೆಂಗಿನ ಹಾಲು, ಒಂದು ಮರಿಹಂದಿ. ಪಟ್ಟದವರು ಪ್ರಾರ್ಥನೆ ಮುಗಿಸಿ ಬಂದು ಕೂರುವಷ್ಟರಲ್ಲಿ ಊಟ ಮುಂದಿರಬೇಕು. ಅವರದಾದ ಮೇಲೆ ಹೆಂಗಸರು, ಮಕ್ಕಳು. ಕೊನೆಗೆ ನಾವು... ಊರ ಹುಡುಗರು.

ಆ ಹುಡುಗರಲ್ಲಿ ನಾನೂ ಒಬ್ಬ. ವಯಸ್ಸು ಐವತ್ತೇಳು.

ಹುಡುಗರ ಯಜಮಾನ ತವಿತಾ. ಇಪ್ಪತ್ಮೂರು ವರ್ಷ. ಸಭೆಯಲ್ಲಿ ಊರ ಪರವಾಗಿ ಮಾತಾಡುವ ಮಾತುಗಾರ ಸೊಲೋಫನ ಮಗ, ಆದ್ದರಿಂದ ಹುಟ್ಟಿನಿಂದಲೇ ಯಜಮಾನ.

"ಅಜ್ಜಾ, ಕಲ್ಲು ಕೆಂಪಾಯ್ತಾ? ಇಲ್ಲ ನೀನು ಮುದುಕನಾದ ಹಾಗೆ ಅದೂ ತಣ್ಣಗಾಯ್ತಾ?"

"ನಿಮ್ಮಪ್ಪನಿಗೆ ಒಲೆ ಹಚ್ಚೋದು ಕಲಿಸಿದ್ದೇ ನಾನು ಕಣೋ. ಈಗ ನೋಡು, ಒಳಗೆ ಕಂಬಕ್ಕೆ ಒರಗಿ ಕೂತ್ಕೊಂಡು ಉಪ್ಪು ಕಮ್ಮಿ ಅಂತಾನೆ."

"ನೀನೂ ಒರಗು, ಯಾರು ಬೇಡ ಅಂದ್ರು? ಅಗೋ, ತೆಂಗಿನ ಮರ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಕ್ಕಳ ಎತ್ತಲು ಬಗ್ಗಿದಾಗ ಸೊಂಟ ಹಿಡಿದುಕೊಂಡಿತು. ಯಾರಿಗೂ ಗೊತ್ತಾಗದ ಹಾಗೆ ಬಗ್ಗಿಕೊಂಡೇ ನಾಲ್ಕು ಕಲ್ಲು ಸರಿಮಾಡಿದೆ.

ಇಲ್ಲಿ ಮೀಸೆ ಬಂದರೂ ಮದುವೆಯಾದರೂ ತಲೆ ನರೆತರೂ ಗಂಡಸಾಗುವುದಿಲ್ಲ. ಕುಟುಂಬ ಸೇರಿ ಪಟ್ಟ ಕೊಟ್ಟ ದಿನ ಆಗುವುದು. ಆ ದಿನ ಸಭಾಮನೆಯಲ್ಲಿ ಒಂದು ಕಂಬ ಸಿಗುತ್ತದೆ. ಅಲ್ಲಿಯವರೆಗೆ ಹೊರಗೆ, ಒಲೆಯ ಹತ್ತಿರ. ನಮ್ಮ ಮನೆತನದ ಪಟ್ಟದ ಹೆಸರು ಲೆಫಾನೊ, ಹೊತ್ತವನನ್ನು ಕರೆಯುವುದೂ ಅದೇ ಹೆಸರಿನಿಂದ. ನನ್ನ ಸೋದರಮಾವನ ಹತ್ತಿರ ಇದೆ. "ನನ್ನ ನಂತರ ನೀನೇ" ಎಂದು ನನ್ನ ಮದುವೆಯ ದಿನ ಹೇಳಿದ್ದರು.

ಕಲ್ಲು ಕಾಯಿತು.

ಮೇ 21, ಬುಧವಾರ

ನಮ್ಮ ಶಾಲೆಯ ಹೆಡ್ ಮಿಸ್ ಸೀನಾ ಕರೆದಿದ್ದಳು. ನನ್ನ ಹತ್ತಿರವೇ ಎಂಟನೇ ಕ್ಲಾಸು ಓದಿದವಳು. ಭಾಗಾಕಾರದಲ್ಲಿ ಅಳುತ್ತಿದ್ದಳು. ಇವತ್ತು ಅಳು ಬರುವ ಹಾಗೆ ಆದದ್ದು ನನಗೆ.

"ಸರ್, ನಿಮಗೂ ವಯಸ್ಸಾಯ್ತು. ಎಂಟನೇ ಕ್ಲಾಸನ್ನ ಹೊಸ ಹುಡುಗಿಗೆ ಕೊಡ್ತಿದ್ದೀನಿ. ಈ ಟರ್ಮ್ ಮುಗಿಯೋವರೆಗೂ ನೀವು ಲೈಬ್ರರಿ ನೋಡ್ಕೊಳ್ಳಿ. ಆಮೇಲೆ ಆರಾಮಾಗಿ ರೆಸ್ಟ್ ತಗೊಳ್ಳಿ."

"ನನಗೇನೂ ಸುಸ್ತಾಗಿಲ್ಲಮ್ಮ."

"ನಿಮಗೆ ಆಗಿಲ್ಲ ಸರ್. ಡಿಪಾರ್ಟ್‌ಮೆಂಟಿಗೆ ಆಗಿದೆ."

ಬುದ್ಧಿವಂತೆ. ಮಾತು ನಾನೇ ಕಲಿಸಿದ್ದು.

ಲೈಬ್ರರಿ ಎಂದರೆ ಒಂದು ಬೀರು. ಬೀಗದ ಕೈ ಕಳೆದು ಯಾವುದೋ ಕಾಲವಾಯಿತು. ಅದರ ಮುಂದೆ ಒಂದು ಕುರ್ಚಿ, ಕುರ್ಚಿಗೆ ಹೂವಿನ ದಿಂಬು. ದಿಂಬು ಅವಳೇ ಹೊಲಿದದ್ದಂತೆ. ಹೊಸ ಟೀಚರು ನನ್ನನ್ನು ನೋಡಿ ದಾರಿ ಬಿಟ್ಟು ತಲೆ ತಗ್ಗಿಸಿ ಹೋಗುತ್ತಾಳೆ.

ಶಾಲೆಯ ಗೇಟಿನಿಂದ ಊರ ಮೊದಲ ಮನೆ ತಲುಪುವಷ್ಟರಲ್ಲಿ ಮತ್ತೆ ಹುಡುಗನಾಗುತ್ತೇನೆ. ಇವತ್ತು ಸೊಲೋಫ ಅಂಗಳದಿಂದಲೇ ಕೂಗಿದ, "ಫಲನಿಕೊ, ಓಡಿ ಹೋಗಿ ಎರಡು ಎಳನೀರು ಕೆಡವು." ಓಡಲಿಲ್ಲ. ನಡೆದುಹೋಗಿ ಕೆಡವಿಕೊಟ್ಟೆ.

ಮೇ 29, ಗುರುವಾರ. ಆಪಿಯಾ

ಹಡಗು ಹತ್ತಿಸಿ ರಾಜಧಾನಿಗೆ ಟ್ರೈನಿಂಗಿಗೆ ಕಳಿಸಿದ್ದಾರೆ. "ನಿವೃತ್ತಿಗೆ ಸಿದ್ಧತೆ". ಎರಡು ದಿನ, ಊಟ ಉಚಿತ, ಎ.ಸಿ. ಜೋರು. ಬೆನ್ನಿಗೆ ತಂಪು ತಾಗಿ ಇನ್ನಷ್ಟು ಬಿಗಿ.

ವೆಲಿಂಗ್ಟನ್ನಿನಿಂದ ಬಂದ ಹುಡುಗಿ ಬೋರ್ಡಿನ ಮೇಲೆ ಮೆಟ್ಟಿಲು ಬರೆದಳು. ಮನುಷ್ಯನ ಬಾಳಿನ ಮೆಟ್ಟಿಲು. ಕಲಿಯುವುದು, ದುಡಿಯುವುದು, ಮನೆ ಕಟ್ಟುವುದು, ನಾಲ್ಕು ಜನಕ್ಕೆ ಹಿರಿಯನಾಗುವುದು, ಕೊನೆಗೆ ಕೈಯಲ್ಲಿದ್ದದ್ದನ್ನು ಮುಂದಿನವರಿಗೆ ಒಪ್ಪಿಸುವುದು. "ನೀವೆಲ್ಲ ಈಗ ಈ ಕೊನೇ ಮೆಟ್ಟಿಲ ಹತ್ತಿರ ಇದ್ದೀರಿ. ನೀವು ಏನನ್ನ ಒಪ್ಪಿಸ್ತೀರಿ? ಒಬ್ಬೊಬ್ಬರಾಗಿ ಹೇಳಿ."

ಒಬ್ಬ, ನನ್ನ ಪಟ್ಟ ಮಗನಿಗೆ ಅಂದ. ಇನ್ನೊಬ್ಬ, ಸಭೆಯಲ್ಲಿ ಮಾತಾಡುವ ಕಲೆ ಅಂದ. ನನ್ನ ಸರದಿ ಬಂತು.

"ಇಕ್ಕಳ."

"ಏನಂದ್ರಿ ಸರ್?"

"ಒಲೆಯ ಕಲ್ಲು ಎತ್ತೋ ಇಕ್ಕಳ, ಮೇಡಂ. ನನ್ನ ಕೈಲಿರೋದು ಅದೊಂದೇ."

ಕೋಣೆಯೇ ಬಿದ್ದುಹೋಗುವಷ್ಟು ನಗು. ಪಾಪ, ಆ ಹುಡುಗಿಗೆ ಅರ್ಥವಾಗಲಿಲ್ಲ. "ವೆರಿ ನೈಸ್, ಸಂಪ್ರದಾಯ" ಎಂದು ಬರೆದುಕೊಂಡಳು. ಟೀ ಹೊತ್ತಿನಲ್ಲಿ ಒಬ್ಬನೇ ಹೋಗಿ ಆ ಮೆಟ್ಟಿಲುಗಳನ್ನು ನೋಡಿದೆ. ಒಂದು ಕಾಲು ಮೇಲಿನದರಲ್ಲಿ, ಒಂದು ಕಾಲು ಕೆಳಗಿನದರಲ್ಲಿ ಇಟ್ಟವನನ್ನು ಎಲ್ಲಿ ನಿಲ್ಲಿಸುತ್ತಾಳೆ ಎಂದು ಕೇಳಬೇಕೆನಿಸಿತು. ಸೊಂಟ ಹಿಡಿದುಕೊಂಡು ಕೇಕ್ ತಿಂದೆ.

ಜೂನ್ 8, ಭಾನುವಾರ

ಬರೆಯುವಂಥ ದಿನ!

ಮಧ್ಯಾಹ್ನ ಮಾವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಇರುವ ಒಂದು ಕಾಲಿಗೆ. ಇನ್ನೊಂದನ್ನು ಸಕ್ಕರೆ ಕಾಯಿಲೆ ತೆಗೆದುಕೊಂಡು ಹೋಗಿ ನಾಲ್ಕು ವರ್ಷವಾಯಿತು. ಅಂದಿನಿಂದ ಎತ್ತುವುದು, ಕೂರಿಸುವುದು, ತೊಳೆಯುವುದು ಎಲ್ಲ ನನ್ನದೇ. ಬೇರೆ ಯಾರ ಕೈಯನ್ನೂ ಒಲ್ಲರು. ಸೋಮವಾರ ಊರ ಸಭೆಗೆ ಬೆನ್ನ ಮೇಲೆ ಹೊತ್ತುಕೊಂಡು ಹೋಗಿ ಅವರ ಕಂಬಕ್ಕೆ ಒರಗಿಸಿ ಬರುತ್ತೇನೆ. ಮುಗಿಯುವವರೆಗೆ ಹೊರಗೆ ಕಾಯುತ್ತೇನೆ.

ಇದ್ದಕ್ಕಿದ್ದಂತೆ ಅಂದರು, "ಜುಲೈ ಕೊನೆಗೆ ಕುಟುಂಬದವರನ್ನ ಕರೆಸ್ತೀನಿ ಕಣೋ. ಆಕ್ಲಂಡಿನಲ್ಲಿರೋ ನಮ್ಮವರಿಗೂ ಹೇಳಿಕಳಿಸಿದ್ದೀನಿ. ಲೆಫಾನೊ ಪಟ್ಟ ನಾನಿರೋವಾಗಲೇ ಕೊಟ್ಟುಬಿಡ್ತೀನಿ."

ಕೈ ನಿಂತಿತು.

"ತಿಕ್ಕು, ತಿಕ್ಕು. ಪಟ್ಟ ಅಂದಕೂಡ್ಲೆ ಕಾಲು ಬಿಟ್ಬಿಡ್ತಾನೆ ನೋಡು!" ಎಂದು ನಕ್ಕರು. ನಾನೂ ನಕ್ಕೆ.

ಮಾಲಿಯಾಗೆ ಹೇಳಿದೆ. ಒಗೆಯುತ್ತಿದ್ದ ಬಟ್ಟೆ ಹಾಗೇ ಬಿಟ್ಟು ನೆಲದ ಮೇಲೆ ಕೂತಳು. "ನಿಜ ಹೇಳು, ನಿನ್ನ ಹೆಸರು ಹೇಳಿದ್ರಾ?"

"ಹೆಸರು ಹೇಳಬೇಕಾ? ಇನ್ಯಾರಿದ್ದಾರೆ ಇಲ್ಲಿ?"

"ಇಲ್ಲಿ ಯಾರೂ ಇಲ್ಲ. ಅದೇ ನನಗೆ ಭಯ." ಆಮೇಲೆ ತಾನೇ ನಕ್ಕಳು. ಗಂಡನಿಗೆ ಪಟ್ಟವಿಲ್ಲದ ಹೆಂಗಸೂ ಇಲ್ಲಿ ಹುಡುಗಿಯೇ. ಐವತ್ತಮೂರು ವರ್ಷದವಳು ಹದಿನಾರರ ಹುಡುಗಿಯರ ಜೊತೆ ತಟ್ಟೆ ತೊಳೆಯುತ್ತಾಳೆ. "ಆ ದಿನ ನಾನು ಚಾಪೆ ಮೇಲೆ ಕೂತು ಹೇಳ್ತೀನಿ ನೋಡು, ಏ ಹುಡುಗೀ, ಟೀ ತಣ್ಣಗಾಗಿದೆ, ಬಿಸಿ ಮಾಡ್ಕೊಂಡು ಬಾ ಅಂತ. ಬಿಸಿಯಾಗಿದ್ರೂ ಹೇಳ್ತೀನಿ."

ಜೂನ್ 14, ಶನಿವಾರ

ಮಾಲಿಯಾ ಹಿತ್ತಲ ಹೆಣ್ಣುಹಂದಿಗೆ ದಿನಕ್ಕೆ ಎರಡು ಸಲ ತೆಂಗಿನಕಾಯಿ ತಿನ್ನಿಸುತ್ತಿದ್ದಾಳೆ. ಪಟ್ಟದ ದಿನದ ಊಟಕ್ಕಂತೆ. "ತಿನ್ನಮ್ಮ, ನಮ್ಮ ಯಜಮಾನ್ರು ದೊಡ್ಡ ಮನುಷ್ಯ ಆಗ್ತಾರೆ" ಎಂದು ಅದರ ಜೊತೆ ಮಾತು. ನನ್ನನ್ನು ಯಜಮಾನ್ರು ಎಂದದ್ದು ಮೊದಲ ಸಲ. ಹಂದಿಯ ಮುಂದೆ ಅಂದರೂ ಖುಷಿಯಾಯಿತು.

ಜೂನ್ 29, ಭಾನುವಾರ. ಸಂಜೆ

ಏನು ಮಾಡಿಬಿಟ್ಟೆ...

ನಾಳೆ ಊರ ಸಭೆ. ಊಟವಾದ ಮೇಲೆ ಸಭಾಮನೆ ಗುಡಿಸಿ ಚಾಪೆ ಹಾಸುವುದು ಹುಡುಗರ ಕೆಲಸ. ಹುಡುಗರು ಸಮುದ್ರಕ್ಕೆ ಹೋಗಿದ್ದರು. ಒಬ್ಬನೇ ಮಾಡಿದೆ. ಸಭೆಗೆ ಆವಾ ಬೇರಿನ ಪಾನಕ ಕಲಸುವ ದೊಡ್ಡ ಮರದ ಬೋಗುಣಿ ಎತ್ತಿ ತಿರುಗಿದೆ, ಅಷ್ಟೇ. ಬೆನ್ನಿನಲ್ಲಿ ಮೊಳೆ ಹೊಡೆದ ಹಾಗಾಯಿತು. ಬೋಗುಣಿ ಇಳಿಸಿ ನೆಲದ ಮೇಲೆ ಕುಸಿದೆ. ಹಿಂದೆ ಕಂಬ ಇತ್ತು. ಒರಗಿದೆ.

ಅಯ್ಯೋ, ಎಂಥ ಸುಖ! ಹಾಗೇ ಬರೆಯುತ್ತೇನೆ, ಯಾರು ಓದುತ್ತಾರೆ. ಒರಗಿ ಒರಗಿ ನುಣುಪಾದ ಮರ. ಬೆನ್ನಿನ ಗುಳಿಗೆ ಸರಿಯಾಗಿ ಕೂತಿತು. ಗೋಡೆಯಿಲ್ಲದ ಮನೆ, ಸುತ್ತಲೂ ಸಮುದ್ರದ ಗಾಳಿ. ಕಣ್ಣು ಮುಚ್ಚಿದ್ದು ಗೊತ್ತಾಗಲಿಲ್ಲ.

ಯಾರೋ ಕೆಮ್ಮಿದರು. ಸೊಲೋಫ. ಅವನ ಹಿಂದೆ ಸಂಜೆ ಪ್ರಾರ್ಥನೆಗೆ ಹೊರಟ ಹೆಂಗಸರು, ಬಿಳಿ ಬಟ್ಟೆ, ಬಿಳಿ ಟೋಪಿ, ಸಾಲಾಗಿ.

ಸೊಲೋಫ ಬಗ್ಗಿ ಕೈ ಮುಂದೆ ಮಾಡಿ, ಸಭೆಯಲ್ಲಿ ಆಡುವ ದನಿಯಲ್ಲೇ ಕೇಳಿದ, "ಲೆಫಾನೊ ಅವರೇ, ನಿದ್ದೆ ಚೆನ್ನಾಗಾಯ್ತಾ? ಆವಾ ತರಿಸಲಾ?"

ಆಗ ತಿರುಗಿ ನೋಡಿದೆ. ತುದಿಯ ಕಂಬ. ಮಾವನ ಕಂಬ.

ಹೆಂಗಸರಲ್ಲಿ ಮಾಲಿಯಾ ಇದ್ದಳು. ಅವಳ ಮುಖ ನೋಡಲಾಗಲಿಲ್ಲ. ಹತ್ತಿರ ಇನ್ನೂ ಬೇರೆ ಕಂಬಗಳಿದ್ದವು... ಅದಕ್ಕೇ ಯಾಕೆ ಒರಗಿದೆ? ನೋವಿನಲ್ಲಿ ಗೊತ್ತಾಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ನನಗೂ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ.

ಜೂನ್ 30, ಸೋಮವಾರ

ನನ್ನ ತಪ್ಪಿನ ವಿಚಾರಣೆಗೆ ಮಾವನನ್ನು ನಾನೇ ಹೊತ್ತುಕೊಂಡು ಹೋದೆ. ಪಟ್ಟವಿಲ್ಲದವನ ತಪ್ಪಿಗೆ ಮನೆತನದ ಪಟ್ಟದವರೇ ತಲೆ ಕೊಡಬೇಕು. ಅದೇ ಕಂಬಕ್ಕೆ ಒರಗಿಸಿ ಹೊರಗೆ ಬಂದು ಜೀಗುಜ್ಜೆ ಮರದ ಕೆಳಗೆ ಕೂತೆ.

ಸೊಲೋಫ ಮಾತುಗಾರನ ಕೋಲು ಊರಿ, ನಾರಿನ ಚವರಿ ಹೆಗಲಿಗೆ ಹಾಕಿಕೊಂಡು ಬಹಳ ಹೊತ್ತು ಮಾತಾಡಿದ. ಬದುಕಿರುವ ಲೆಫಾನೊ ಜಾಗದಲ್ಲಿ ಇನ್ನೊಬ್ಬ ಕೂತರೆ ನಾವು ಯಾರಿಗೆ ಅಳಬೇಕು, ಯಾರಿಗೆ ಆವಾ ಕೊಡಬೇಕು? ಎಲ್ಲರೂ ನಕ್ಕರು. ಮಾವ ನಗಲಿಲ್ಲ. "ತಪ್ಪು ನಮ್ಮ ಮನೇದು. ದಂಡ ಹೇಳಿ" ಅಂದರು. ಒಂದು ದೊಡ್ಡ ಹಂದಿ, ಹತ್ತು ಪೆಟ್ಟಿಗೆ ಡಬ್ಬಿ ಮೀನು.

ಮತ್ತೆ ಬೆನ್ನ ಮೇಲೆ ಹೊತ್ತು ಹೊರಟೆ. ಮನೆ ಹತ್ತಿರ ಬಂದಾಗ ಕಿವಿಯ ಪಕ್ಕದಲ್ಲೇ ಕೇಳಿದರು, "ನಾನು ಭಾರ ಆಗ್ತಿದ್ದೀನಾ? ಬೆನ್ನು ನೋಯ್ತಿದೆಯಾ?"

"ಇಲ್ಲ ಮಾವ."

"ಮತ್ತೆ ಯಾಕೆ ಒರಗಿದೆ?"

ಬಗ್ಗಿ ಅವರನ್ನು ಚಾಪೆಯ ಮೇಲೆ ಇಳಿಸಿದೆ.

ಜುಲೈ 5, ಶನಿವಾರ

ಊರಲ್ಲಿ ದೊಡ್ಡ ಹಂದಿ ಅಂದರೆ ಮಾಲಿಯಾಳದೇ. ಹಿಡಿದವನು ನಾನು, ಕೊಂದವನು ನಾನು, ಕೂದಲು ಸುಟ್ಟವನು, ಹೊಟ್ಟೆಗೆ ಕಾದ ಕಲ್ಲು ತುಂಬಿದವನು, ಬೇಯಿಸಿ ಒಳಗೆ ಹೊತ್ತುಕೊಟ್ಟವನು ನಾನು. ಹಿರಿಯರು ನನ್ನ ದಂಡವನ್ನು ಹಂಚಿಕೊಂಡು ಉಂಡರು. ಉಪ್ಪು ಸರಿಯಾಗಿತ್ತಂತೆ.

ಹುಡುಗರು ಇವತ್ತು ತಮಾಷೆ ಮಾಡಲಿಲ್ಲ. ತವಿತಾ ತಾನಾಗಿಯೇ ಭಾರದ ಕಡೆ ಹಿಡಿದ. ಬೈದಿದ್ದರೇ ವಾಸಿಯಿತ್ತು.

ಮಾಲಿಯಾ ಹಿತ್ತಲಿಗೆ ಹೋಗಿ ಖಾಲಿ ದೊಡ್ಡಿ ಗುಡಿಸುತ್ತಿದ್ದಾಳೆ. ಗುಡಿಸುವುದಕ್ಕೆ ಅಲ್ಲೇನೂ ಇಲ್ಲ.

ಜುಲೈ 27, ಭಾನುವಾರ

ಕುಟುಂಬ ಸೇರಿತ್ತು. ಆಕ್ಲಂಡಿನಿಂದ ರೋಪತಿ ಬಂದಿದ್ದ. ನನ್ನ ತೀರಿಹೋದ ಅಣ್ಣನ ಮಗ. ಮೂವತ್ಮೂರು ವರ್ಷ, ಅಲ್ಲೇ ಹುಟ್ಟಿದವನು, ಕಟ್ಟಡ ಕೆಲಸದಲ್ಲಿ ಮೇಸ್ತ್ರಿ. ಒಳ್ಳೆಯ ಹುಡುಗ. ಕೆಟ್ಟವನಾಗಿದ್ದರೆ ಸುಲಭವಾಗುತ್ತಿತ್ತು.

ನಾನು ಎಲ್ಲರಿಗೂ ಕೋಕೋ ಕೊಟ್ಟು ಹಿಂದೆ ಕೂತೆ. ಮಾವ ಕೆಮ್ಮಿ, ನೀರು ಕುಡಿದು, ಹೇಳಿದರು. "ಲೆಫಾನೊ ಪಟ್ಟ ರೋಪತಿಗೆ."

ರೋಪತಿ ನನ್ನ ಕಡೆ ತಿರುಗಿದ. ಅವನ ಬಾಯಿ ತೆರೆದೇ ಇತ್ತು. "ಅಂಕಲ್... ನನಗೆ ಗೊತ್ತಿರಲಿಲ್ಲ. ದೇವರಾಣೆ."

ಮಾವ ಕೇಳಿದರು, "ಫಲನಿಕೊ, ನಿನ್ನ ಮಾತೇನು?"

ಇಂಥ ಹೊತ್ತಿನಲ್ಲಿ ಹೇಳುವ ಮಾತು ಒಂದೇ. ಬೇರೆ ಮಾತು ನಮ್ಮ ಬಾಯಲ್ಲಿ ಬೆಳೆದೇ ಇಲ್ಲ. "ನಿಮ್ಮ ಮಾತೇ ನನ್ನ ಮಾತು ಮಾವ."

ಹೇಳಿ, ಲೋಟಗಳನ್ನು ಎತ್ತಿಕೊಂಡು ಹೊರಗೆ ಬಂದೆ. ಆ ಕಂಬ! ಆ ಹಾಳು ನಿದ್ದೆ! ಮೂವತ್ತು ವರ್ಷದ ಚಾಕರಿಯನ್ನು ಒಂದು ಮಧ್ಯಾಹ್ನ ಗೊರಕೆ ಹೊಡೆದು ಕಳೆದುಕೊಂಡೆ.

ಮಾಲಿಯಾ ಲೋಟಗಳನ್ನು ನನ್ನ ಕೈಯಿಂದ ತೆಗೆದುಕೊಂಡಳು. ಕೇಳಲಿಲ್ಲ. ಕೇಳಿಸಿತ್ತು. ಗೋಡೆಯಿಲ್ಲದ ಮನೆಗಳು.

"ಒಪ್ಪಿಗೆ ಇಲ್ಲ ಅನ್ನೋದಕ್ಕೆ ಆಗ್ಲಿಲ್ವಾ ನಿನಗೆ?"

"ಹಾಗೆ ಅನ್ನೋಕಾಗುತ್ತಾ?"

"ಆಗಲ್ಲ," ಅಂದಳು. "ನನಗೆ ಗೊತ್ತು ಆಗಲ್ಲ ಅಂತ. ಆದ್ರೂ ಒಂದ್ಸಲ ಅನ್ನು ಅಂತ ಅಲ್ಲೇ ನಿಂತು ಬೇಡ್ಕೊಳ್ತಿದ್ದೆ."

ಆಗಸ್ಟ್ 9, ಶನಿವಾರ

ಮುಗಿಯಿತು. ಬೆಳಗಿನಿಂದ ಒಲೆ, ಮಧ್ಯಾಹ್ನ ಪಟ್ಟ, ಸಂಜೆ ಪಾತ್ರೆ.

ಆವಾ ಬಟ್ಟಲು ಹಂಚುವ ಕೆಲಸ ನನಗೇ ಕೊಟ್ಟರು. ಗೌರವಕ್ಕಂತೆ. ಸೊಲೋಫ ಹೊಸ ಲೆಫಾನೊ ಹೆಸರು ಕೂಗಿದ. ಬಟ್ಟಲು ಎತ್ತಿಕೊಂಡು ಬೆನ್ನು ನೇರ ಮಾಡಿ ನಡೆದೆ. ನೇರ ನಿಲ್ಲುವುದಕ್ಕೆ ಹಲ್ಲು ಕಚ್ಚಬೇಕಾಯಿತು. ರೋಪತಿ ಮೈಗೆಲ್ಲ ಎಣ್ಣೆ ಹಚ್ಚಿ, ಕೆಂಪು ಹಾರ ಹಾಕಿ, ಕಂಬದ ಮುಂದೆ ಕೂತಿದ್ದ. ಚಕ್ಕಳಮಕ್ಕಳ ಹಾಕಿ ಅಭ್ಯಾಸವಿಲ್ಲ. ಕಾಲು ಜೋಮು ಹಿಡಿದು ಮುಖ ಬಿಳಿಚಿತ್ತು.

ಬಗ್ಗಿ ಬಟ್ಟಲು ಕೊಡುವಾಗ ಪಿಸುಗುಟ್ಟಿದ, "ಅಂಕಲ್, ಮೊದಲೇನು ಮಾಡ್ಬೇಕು? ಮರೆತುಹೋಯ್ತು."

ಸುಮ್ಮನಿರಬಹುದಿತ್ತು. ಊರೆಲ್ಲ ನೋಡುತ್ತಿತ್ತು. ಒಂದು ಕ್ಷಣ ಹಾಗೆ ಅನ್ನಿಸಿತು ಕೂಡ.

"ಒಂದು ಹನಿ ನೆಲಕ್ಕೆ ಚೆಲ್ಲು. ಆಮೇಲೆ ಕುಡಿ. ಹೆದರಬೇಡ."

ಚೆಲ್ಲಿದ, ಕುಡಿದ. ಊರು ಮೆಚ್ಚಿತು.

ರೋಪತಿಯ ಹೆಂಡತಿಗೆ ಇಪ್ಪತ್ತೆಂಟು. ಪಟ್ಟದವರ ಹೆಂಡಂದಿರ ಜೊತೆ ಚಾಪೆಯ ಮೇಲೆ ಕೂರಿಸಿದ್ದರು. ಹಿಂದೆ ಮಾಲಿಯಾ ಹುಡುಗಿಯರ ಜೊತೆ ತಟ್ಟೆ ತೊಳೆಯುವುದನ್ನು ನೋಡಿ ಪಾಪ, ಎದ್ದು ಬಂದು ತೋಳು ಮಡಚಿದಳು. "ಆಂಟಿ, ನಾನೂ ತೊಳೀತೀನಿ."

ಮಾಲಿಯಾ ಅವಳ ಕೈ ಒರೆಸಿ, "ಹೋಗಮ್ಮ, ನಿನ್ನ ಜಾಗ ಅಲ್ಲಿ" ಎಂದು ಕಳಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ್ದು ಕಂಡು ನನಗೆ ಹೆದರಿಕೆಯಾಯಿತು.

ಆಗಸ್ಟ್ 12, ಮಂಗಳವಾರ

ಮಾಲಿಯಾ ಆಪಿಯಾಕ್ಕೆ ಹೋದಳು. ತಂಗಿಯ ಅಂಗಡಿ ಇದೆ, ಬಸ್ ನಿಲ್ಲುವ ಕಡೆ. ಹಿಂದೆ ಎರಡು ಕೋಣೆ ಖಾಲಿ.

"ಹಬ್ಬಕ್ಕೆ ಬರ್ತೀಯಾ?" ಅಂದೆ.

"ಬರಲ್ಲ. ನೀನೇ ಬಾ. ಶಾಲೆ ಮುಗಿದ ಮೇಲೆ ಇಲ್ಲೇನಿದೆ ನಿನಗೆ? ಅಲ್ಲಿ ಮಕ್ಕಳಿಗೆ ಪಾಠ ಹೇಳು. ಟ್ಯೂಷನ್ನಿಗೆ ಜನ ಸಾಲು ನಿಲ್ತಾರೆ. ನಮ್ಮ ತಂಗಿ ಮನೇಲಿ ಆರು ಕುರ್ಚಿ ಇದೆ. ಯಾರು ಎಲ್ಲಿ ಬೇಕಾದ್ರೂ ಕೂರಬಹುದು."

"ಮಾವನ್ನ ಯಾರು ನೋಡ್ಕೊಳ್ತಾರೆ?"

"ಹೊಸ ಲೆಫಾನೊ ನೋಡ್ಕೊಳ್ಳಲಿ."

ಹೊಸ ಲೆಫಾನೊ ನಿನ್ನೆಯೇ ಆಕ್ಲಂಡಿಗೆ ಹೋದ. ರಜೆ ಅಷ್ಟೇ ಇತ್ತಂತೆ. ಸಭೆಯಲ್ಲಿ ಅವನ ಕಂಬ ಖಾಲಿ ಇರುತ್ತದೆ, ಅದಕ್ಕೆ ಯಾರೂ ಒರಗುವ ಹಾಗಿಲ್ಲ. ಮಾವನನ್ನೂ ಈಗ ಯಾರೂ ಸಭೆಗೆ ಕರೆಯುವುದಿಲ್ಲ. ನಿನ್ನೆ ಸೋಮವಾರ ಬೆಳಿಗ್ಗೆ ಹೊಸ ಅಂಗಿ ಹಾಕಿಸಿಕೊಂಡು ಕಾದರು. ಮಧ್ಯಾಹ್ನ ನಾನೇ ಬಿಚ್ಚಿದೆ.

ಆಗಸ್ಟ್ 24, ಭಾನುವಾರ

ಹನ್ನೆರಡು ದಿನ ಬರೆದಿಲ್ಲ. ಇವತ್ತು ಬರೆಯದಿದ್ದರೆ ತಲೆ ಒಡೆಯುತ್ತದೆ.

ಮಾವನ ಕಾಲಿಗೆ ಎಣ್ಣೆ ತಿಕ್ಕುವಾಗ ಕೇಳಿಯೇ ಬಿಟ್ಟೆ. "ಆ ದಿನ ನಾನು ಕಂಬಕ್ಕೆ ಒರಗದೇ ಇದ್ದಿದ್ರೆ ನನಗೆ ಕೊಡ್ತಿದ್ರಾ?"

ಮೊಣಕೈ ಊರಿ ಸ್ವಲ್ಪ ಮೇಲೆದ್ದರು.

"ಅದಕ್ಕಲ್ಲ ಕಣೋ. ಒರಗಿದ್ರೆ ಏನು ಮರ ಸವೆಯುತ್ತಾ? ಆಕ್ಲಂಡಿಗೆ ಅದಕ್ಕೂ ಮೊದಲೇ ಹೇಳಿಕಳಿಸಿದ್ದೆ."

"ಮತ್ತೆ ಯಾಕೆ?"

"ನಿನ್ನನ್ನ ಲೆಫಾನೊ ಮಾಡಿದ್ರೆ ನನ್ನ ಈ ಕಾಲು ಯಾರು ತಿಕ್ತಿದ್ರು? ಪಟ್ಟದವನು ಇನ್ನೊಬ್ಬನ ಉಚ್ಚೆ ಮಡಕೆ ಎತ್ತಿದ್ರೆ ಊರು ಸುಮ್ನಿರುತ್ತಾ? ನಾಳೆ ನೀನು ಒಳಗೆ ಕೂರ್ತೀಯ, ಮಾತಾಡ್ತೀಯ, ಮದುವೆ, ಸಾವು, ಊರೂರು ತಿರುಗ್ತೀಯ. ನಾನು ಇಲ್ಲಿ ಬಿದ್ದಿರ್ತೀನಿ. ರೋಪತಿಗಾದ್ರೆ ಅವನು ಅಲ್ಲೇ ಇರ್ತಾನೆ. ನೀನು ಇಲ್ಲೇ ಇರ್ತೀಯ."

ಕೈ ತಾನಾಗಿ ತಿಕ್ಕುತ್ತಲೇ ಇತ್ತು. ಮೊಣಕಾಲಿನಿಂದ ಕೆಳಕ್ಕೆ, ಮತ್ತೆ ಮೇಲಕ್ಕೆ.

"ಮದುವೆ ದಿನ ಹೇಳಿದ್ರಲ್ಲ ಮಾವ, ನನ್ನ ನಂತರ ನೀನೇ ಅಂತ."

"ಆವಾಗ ನಿಜವಾಗ್ಲೂ ಹೇಳಿದ್ದೆ. ಕಾಲು ಹೋಗೋವರೆಗೂ ಅದೇ ಮನಸ್ಸಿತ್ತು." ಕಣ್ಣು ಮುಚ್ಚಿದರು. "ಭಯ ಆಯ್ತು ಕಣೋ. ನೀನು ಚೆನ್ನಾಗಿ ನೋಡ್ಕೊಂಡೆ. ಅಷ್ಟು ಚೆನ್ನಾಗಿ ನೋಡ್ಕೊಬಾರ್ದಿತ್ತು."

ಎದ್ದು ಹೋಗಿ ಸಮುದ್ರದ ದಂಡೆಯಲ್ಲಿ ನಿಂತೆ. ಕೂಗಬೇಕೆನಿಸಿತು. ಕೂಗಿದರೆ ಜನ ಓಡಿಬರುತ್ತಾರೆ, ಏನಾಯಿತು ಅನ್ನುತ್ತಾರೆ. ಬಿಟ್ಟೆ. ಸೇವೆ ಮಾಡಿ ಮಾಡಿ ಮೇಲೆ ಹೋಗುತ್ತಿದ್ದೇನೆ ಅಂದುಕೊಂಡಿದ್ದೆ. ಬೇಲಿ ಕಟ್ಟಿಕೊಳ್ಳುತ್ತಿದ್ದೆ, ನನ್ನ ಸುತ್ತ, ನನ್ನ ಕೈಯಿಂದಲೇ. ಮಾವನ ಮೇಲೆ ಸಿಟ್ಟು ಬಂತು, ಬಹಳ ಬಂತು. ಅದಕ್ಕಿಂತ ಹೆಚ್ಚು, ಅವರು ಹೆದರಿದ್ದು ಅರ್ಥವಾಯಿತಲ್ಲ, ಅದಕ್ಕೆ ಸಿಟ್ಟು ಬಂತು.

ವಾಪಸ್ ಬಂದಾಗ ಎಣ್ಣೆಯ ಕಾಲು ಚಾಪೆಗೆ ಅಂಟಿಕೊಂಡಿತ್ತು. ಒರೆಸಿದೆ.

ಆಗಸ್ಟ್ 26, ಮಂಗಳವಾರ

ಮಾಲಿಯಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅತ್ತಳು. ಆಮೇಲೆ, "ಬರ್ತೀಯೋ ಇಲ್ವೋ, ಅಷ್ಟು ಹೇಳು."

"ಬರ್ತೀನಿ."

"ಯಾವಾಗ?"

"ಶಾಲೆ ಮುಗಿದ ಮಾರನೇ ದಿನ. ಮುಂದಿನ ವಾರ ಶನಿವಾರ."

"ಹೇಳಿದ ಮೇಲೆ ಬರಬೇಕು. ಮತ್ತೆ ಕಾಯ್ತಾ ಕೂರೋ ವಯಸ್ಸಲ್ಲ ನಂದು."

ರೋಪತಿಗೂ ಮಾಡಿದೆ. ಹತ್ತು ಸಲ ಸಾರಿ ಅಂದ. ಪಕ್ಕದೂರಿನ ಲಾಂಗಿಯನ್ನು, ಕುಟುಂಬದ ಹುಡುಗಿಯೇ, ಮಾವನ ಹತ್ತಿರ ಇರಲು ಒಪ್ಪಿಸಿದ್ದಾನೆ. ನಾನು ಹೊರಡುವ ಹಿಂದಿನ ದಿನ, ಶುಕ್ರವಾರ ಸಂಜೆ ಬರುತ್ತಾಳೆ.

ಮಾವನಿಗೆ ಹೇಳಿದೆ. ಊಟ ಮಾಡುತ್ತಿದ್ದರು. ತಲೆ ಎತ್ತಲಿಲ್ಲ. "ಮೀನಿನ ಮುಳ್ಳು ಸರಿಯಾಗಿ ತೆಗೆದಿಲ್ಲ" ಅಂದರು.

ಸೆಪ್ಟೆಂಬರ್ 5, ಶುಕ್ರವಾರ

ಶಾಲೆಯಲ್ಲಿ ಹಾರ, ಕೇಕ್, ಹಾಡು. ಸೀನಾ ಭಾಷಣ ಮಾಡಿದಳು: ಸರ್ ನಮ್ಮೆಲ್ಲರ ಹಿರಿಯರು, ಇನ್ನು ಮುಂದೆ ಕೂತು ಉಣ್ಣಲಿ. ದಿಂಬನ್ನು ಕಾಗದದಲ್ಲಿ ಸುತ್ತಿ ನನಗೇ ಕೊಟ್ಟಳು. ಮಕ್ಕಳು ಅತ್ತರು. ಇಬ್ಬರು ನಿಜವಾಗಿ ಅತ್ತರು.

ಸಂಜೆ ಲಾಂಗಿ ಬರಲಿಲ್ಲ. ಫೋನಿನಲ್ಲಿ, "ಚಿಕ್ಕಪ್ಪಾ, ಸೋಮವಾರ ಖಂಡಿತಾ ಬರ್ತೀನಿ. ಇಲ್ಲಿ ಚರ್ಚಿನ ಹಾಡಿನ ಪ್ರಾಕ್ಟೀಸ್ ಇದೆ."

ಮೊದಲಾಗಿದ್ದರೆ ಸೋಮವಾರದವರೆಗೆ ನಿಲ್ಲುತ್ತಿದ್ದೆ. ಸೋಮವಾರ ಇನ್ನೇನೋ ಬರುತ್ತಿತ್ತು. ಇಲ್ಲ. ತವಿತಾನನ್ನು ಕೇಳಿದೆ.

"ಎರಡು ದಿನ ತಾನೆ? ನಾವು ನೋಡ್ಕೊಳ್ತೀವಿ, ಹೋಗು ಅಜ್ಜಾ. ಆದ್ರೆ ಅವರು ನಮ್ಮನ್ನ ಮುಟ್ಟಿಸಿಕೊಳ್ತಾರಾ?"

"ಮುಟ್ಟಿಸಿಕೊಳ್ಳಬೇಕು."

"ಅದನ್ನ ನೀನೇ ಹೇಳಿ ಹೋಗು."

ಹೇಳಿದೆ. ಮಾವ ಸಮುದ್ರದ ಕಡೆ ಮುಖ ತಿರುಗಿಸಿ ಮಲಗಿದರು.

ಸೆಪ್ಟೆಂಬರ್ 6, ಶನಿವಾರ. ಬೆಳಿಗ್ಗೆ

ಬಸ್ಸಿನಲ್ಲಿದ್ದೇನೆ! ನಿಜವಾಗಿ ಹತ್ತಿದೆ. ಅಕ್ಷರ ಕುಣಿಯುತ್ತಿದೆ, ಕುಣಿಯಲಿ.

ಮುಖ ತೊಳೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಮಡಕೆ ಕೈಗೆಟುಕುವ ಹಾಗೆ ಇಟ್ಟು ಬಂದೆ. "ಹೋಗಿ ಬರ್ತೀನಿ ಮಾವ" ಅಂದೆ. ತಲೆಯ ಮೇಲೆ ಕೈ ಇಟ್ಟರು, ಬೇಗನೆ ತೆಗೆದರು. ತವಿತಾ ಇನ್ನೂ ಎದ್ದಿರಲಿಲ್ಲ. ಎಬ್ಬಿಸಲು ಒಬ್ಬನನ್ನು ಕಳಿಸಿದ್ದೇನೆ.

ಬಸ್ ತುಂಬಿದೆ. ಒಬ್ಬ ಹುಡುಗ ಎದ್ದು, "ಕೂತ್ಕೊಳ್ಳಿ ಹಿರಿಯರೇ" ಎಂದು ಕಿಟಕಿಯ ಸೀಟು ಬಿಟ್ಟ. ಹಿರಿಯರೇ! ಈಗ ಊರಿನ ಕೊನೆಯ ಮನೆಗಳವರೆಗೆ ಹೋಗಿ ಜನ ಹತ್ತಿಸಿಕೊಂಡು, ತಿರುಗಿ ನಮ್ಮ ಮನೆಯ ಮುಂದೆಯೇ ಬಂದು ಬಂದರಿಗೆ ಹೋಗುತ್ತದೆ. ಹಡಗು ಎಂಟಕ್ಕೆ. ಮಧ್ಯಾಹ್ನದ ಊಟ ಮಾಲಿಯಾಳ ಜೊತೆ. ಅವಳು ಮೀನು ತರುತ್ತೇನೆ ಅಂದಿದ್ದಾಳೆ, ನಾನು ಬೇಯಿಸಬಾರದಂತೆ, ಸುಮ್ಮನೆ ಕೂರಬೇಕಂತೆ. ಕೂರುತ್ತೇನೆ. ಮಗ್ಗಿ ಬಾರದ ಮಕ್ಕಳಿಗೆ ಮಗ್ಗಿ ಹೇಳುತ್ತೇನೆ. ಅಂಗಡಿಯ ಮುಂದ—

ತಿರುಗಿತು. ನಮ್ಮ ಮನೆ ಬರುತ್ತಿದೆ. ನೋಡಬಾರದು ಎಂದುಕೊಂಡೇ ಬರೆಯುತ್ತಿದ್ದೇನೆ.

ನೋಡಿದೆ.

ಮಾವ ಚಾಪೆಯ ಮೇಲಿಲ್ಲ. ಮೆಟ್ಟಿಲ ಹತ್ತಿರ ನೆಲದ ಮೇಲೆ, ಮೊಣಕೈ ಊರಿಕೊಂಡು, ತೆವಳಿ ಬಂದಿದ್ದಾರೆ. ಮಡಕೆ ಉರುಳಿದೆ. ತವಿತಾ ಪಕ್ಕದಲ್ಲೇ ಬಗ್ಗಿದ್ದಾನೆ, ಅವರು ಅವನ ಕೈ ಕೊಡವುತ್ತಿದ್ದಾರೆ. ನನ್ನನ್ನು ಕರೆಯುತ್ತಿಲ್ಲ. ಬಸ್ಸನ್ನೇ ನೋಡುತ್ತಿದ್ದಾರೆ.

ನಿಲ್ಲಿಸು ಅಂದೆ. ಡ್ರೈವರ್ ಬೈದ, ಹಡಗು ಕಾಯಲ್ಲ ಅಂದ. ಒಂದೇ ನಿಮಿಷ, ಎತ್ತಿ ಮಲಗಿಸಿ ಬಂದುಬಿಡ್ತೀನಿ ಅಂದೆ. ಚೀಲ ಇಲ್ಲೇ ಇರಲಿ. ಈ ಡೈರಿಯನ್ನೂ ಸೀಟಿನ ಮೇಲೇ ಇಟ್ಟು ಹೋಗುತ್ತೇನೆ, ಜಾಗ ಹಿಡಿದ ಹಾಗಿರುತ್ತದೆ. ಈಗ ಬಂದು ಮುಂದಿನದು